ಬೀಗ ಹಾಕಿದ ಬಾಗಿಲು ತೆರೆಸಿದ ಮೀನುಮಾರುಕಟ್ಟೆಯ ಹುಡುಗ

1886ರ ನವೆಂಬರ್ ತಿಂಗಳು. ನ್ಯೂಯಾರ್ಕ್ ನಗರದ ಬಂದರಿನ ಪಕ್ಕದ ಬಡಬೀದಿಯೊಂದರಲ್ಲಿ ಗಾಡಿ ಹೊಡೆದು ಸಂಸಾರ ಸಾಕುತ್ತಿದ್ದ ಬಡಪಾಯಿಯೊಬ್ಬ ತೀರಿಕೊಂಡ. ಮನೆಯಲ್ಲಿ ಉಳಿದವರು ಹೆಂಡತಿ ಕ್ಯಾಥರೀನ್, ಹದಿಮೂರು ತುಂಬಲಿದ್ದ ಮಗ, ಅವನಿಗಿಂತ ಚಿಕ್ಕವಳಾದ ಮಗಳು. ಕೈಯಲ್ಲಿ ಕಾಸಿಲ್ಲ. ಶವಸಂಸ್ಕಾರ ಮುಗಿದ ದಿನವೇ ಆ ತಾಯಿ ಕಣ್ಣೀರು ಒರೆಸಿಕೊಂಡು, ಮದುವೆಗೆ ಮುಂಚೆ ತಾನು ದುಡಿಯುತ್ತಿದ್ದ ಕೊಡೆ ಕಾರ್ಖಾನೆಯಲ್ಲಿ ಮತ್ತೆ ಕೆಲಸ ಕೇಳಲು ಹೊರಟರು. ಕೆಲಸ ಸಿಕ್ಕಿತು. ಅಂದಿನಿಂದ ಕಾರ್ಖಾನೆಗೆ ಹೋದ ಅಮ್ಮ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆ ಎಂದು ಬಾಗಿಲಲ್ಲಿ ಕಾಯುವುದು ಎಂದರೇನೆಂದು ಆ ಹುಡುಗ ಕಲಿತ.

ಆ ಹುಡುಗನ ಹೆಸರು ಆಲ್‌ಫ್ರೆಡ್ ಇಮ್ಯಾನುಯೆಲ್ ಸ್ಮಿತ್. ಜಗತ್ತು ಅವನನ್ನು ಆಲ್ ಸ್ಮಿತ್ ಎಂದು ಕರೆಯಿತು. ನಾಲ್ಕು ಬಾರಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಗಿ ಚುನಾಯಿತರಾದವರು, ಅಮೆರಿಕದ ಅಧ್ಯಕ್ಷ ಪದವಿಗೆ ದೊಡ್ಡ ಪಕ್ಷವೊಂದರಿಂದ ಸ್ಪರ್ಧಿಸಿದ ಮೊಟ್ಟಮೊದಲ ಕಥೋಲಿಕರು ಎಂದು ಚರಿತ್ರೆ ಅವರನ್ನು ನೆನೆಯುತ್ತದೆ. ಆದರೆ ದುಡಿಯುವ ಜನರ ಮನೆಗಳಲ್ಲಿ ಅವರನ್ನು ನೆನೆಯಬೇಕಾದದ್ದು ಬೇರೊಂದು ಕಾರಣಕ್ಕೆ. ಬೆಳಗ್ಗೆ ಕೆಲಸಕ್ಕೆ ಹೋದವರು ಸಂಜೆ ಜೀವಂತವಾಗಿ ಮನೆಗೆ ಮರಳಬೇಕು ಎಂಬ ಸರಳ ಮಾತನ್ನು ಕಾನೂನಿನ ಪುಸ್ತಕಕ್ಕೆ ಏರಿಸಿದವರಲ್ಲಿ ಅವರೂ ಒಬ್ಬರು.

ಸೇತುವೆಯ ನೆರಳಲ್ಲಿ

ಆಲ್ ಹುಟ್ಟಿದ್ದು 1873ರ ಡಿಸೆಂಬರ್ 30ರಂದು. ತಾಯಿ ಐರಿಷ್ ಮೂಲದವರು. ತಂದೆಯ ಕಡೆ ಇಟಲಿ ಮತ್ತು ಜರ್ಮನಿಯ ರಕ್ತ. ಮನೆಯೆದುರೇ ಬ್ರೂಕ್ಲಿನ್ ಸೇತುವೆ ಏಳುತ್ತಿತ್ತು. 1883ರಲ್ಲಿ ಅದು ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೆ ಕಡಿಮೆಯಿಲ್ಲದಷ್ಟು ಕೆಲಸಗಾರರು ಪ್ರಾಣ ಬಿಟ್ಟಿದ್ದರು. ಕೆಲವರು ಮೇಲಿನಿಂದ ಬಿದ್ದರು. ಕೆಲವರು ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಅಡಿಪಾಯ ಅಗೆದು, ಮೇಲೆ ಬಂದ ಮೇಲೆ ಕೈಕಾಲು ಸೆಟೆದು ಸತ್ತರು. ಕೆಲಸದ ಹೊಣೆ ಹೊತ್ತಿದ್ದ ಮುಖ್ಯ ಎಂಜಿನಿಯರರೇ ಅದೇ ಕಾಯಿಲೆಯಿಂದ ಹಾಸಿಗೆ ಹಿಡಿದರು. ದೊಡ್ಡ ನಗರಗಳು ಯಾರ ಮೈಮೇಲೆ ಎದ್ದು ನಿಲ್ಲುತ್ತವೆ ಎಂಬುದಕ್ಕೆ ಆ ಸೇತುವೆಗಿಂತ ಬೇರೆ ಪಾಠ ಬೇಕಿರಲಿಲ್ಲ.

ಸಂತ ಯಾಕೋಬರ ಧರ್ಮಕೇಂದ್ರದ ಶಾಲೆಯಲ್ಲಿ ಆಲ್ ಓದಿದ. ಅಲ್ಲಿನ ದೇವಾಲಯದಲ್ಲಿ ಪೀಠಸೇವಕನಾಗಿ ಬಲಿಪೂಜೆಗೆ ನೆರವಾದ. ತಂದೆ ಸತ್ತ ಮೇಲೆ ಎಂಟನೆಯ ತರಗತಿ ಮುಗಿಸಲೂ ಆಗಲಿಲ್ಲ. ಮೊದಲು ಗಾಡಿಗಳ ಹಿಂದೆ ಓಡಾಡುವ ಕೆಲಸ, ಆಮೇಲೆ ಫುಲ್ಟನ್ ಮೀನುಮಾರುಕಟ್ಟೆಯಲ್ಲಿ ವಾರಕ್ಕೆ 12 ಡಾಲರ್ ಕೂಲಿ. ಬೆಳಗಿನ ಜಾವ ನಾಲ್ಕು ಗಂಟೆಗೇ ಕೆಲಸ ಶುರು. ಮುಂದೆ ದೊಡ್ಡ ದೊಡ್ಡ ಪದವೀಧರರ ನಡುವೆ ಕೂರುವ ಕಾಲ ಬಂದಾಗ, ತಮಗಿರುವ ಏಕೈಕ ಪದವಿ ಫುಲ್ಟನ್ ಮೀನುಮಾರುಕಟ್ಟೆಯದೇ ಎಂದು ಅವರು ನಗುತ್ತಾ ಹೇಳಿಕೊಳ್ಳುತ್ತಿದ್ದರು.

1900ರಲ್ಲಿ ಕೇಟಿ ಡನ್ ಎಂಬಾಕೆಯನ್ನು ವರಿಸಿದರು. ದೇವರು ಅವರಿಗೆ ಐವರು ಮಕ್ಕಳನ್ನು ಕೊಟ್ಟನು. ನೆರೆಹೊರೆಯ ರಾಜಕೀಯ ಮುಖಂಡರ ಬೆಂಬಲದಿಂದ 1903ರಲ್ಲಿ ರಾಜ್ಯ ವಿಧಾನಸಭೆಗೆ ಆರಿಸಿ ಬಂದರು. ಅವರನ್ನು ಬೆಳೆಸಿದ ಟ್ಯಾಮನಿ ಹಾಲ್ ಎಂಬ ಪಕ್ಷಸಂಸ್ಥೆಗೆ ಲಂಚ, ವಶೀಲಿಗಳ ಕೆಟ್ಟ ಹೆಸರಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ವಿಧಾನಸಭೆಯಲ್ಲಿ ಮೊದಲ ವರ್ಷಗಳು ಅವರಿಗೆ ಕಷ್ಟದವು. ಮುಂದಿಟ್ಟ ಮಸೂದೆಗಳ ಭಾಷೆಯೇ ತಲೆಗೆ ಹತ್ತುತ್ತಿರಲಿಲ್ಲ. ಅವರು ಓಡಿಹೋಗಲಿಲ್ಲ. ರಾತ್ರಿಯೆಲ್ಲ ಕುಳಿತು ಒಂದೊಂದು ಮಸೂದೆಯನ್ನೂ ಸಾಲು ಸಾಲಾಗಿ ಓದಿದರು. ಕೆಲವೇ ವರ್ಷಗಳಲ್ಲಿ ರಾಜ್ಯದ ಕಾನೂನು ಅವರಷ್ಟು ತಿಳಿದವರು ಸಭೆಯಲ್ಲಿ ಮತ್ತೊಬ್ಬರಿಲ್ಲ ಎನಿಸಿಕೊಂಡರು. 1911ರಲ್ಲಿ ಬಹುಮತ ಪಕ್ಷದ ನಾಯಕರಾದರು. ಅದೇ ವರ್ಷ ಅವರ ಜೀವನವನ್ನು ತಿರುಗಿಸಿದ ಆ ಶನಿವಾರ ಬಂದಿತು.

ಹದಿನೆಂಟು ನಿಮಿಷ

1911ರ ಮಾರ್ಚ್ 25. ದೇವಮಾತೆಗೆ ಮಂಗಳವಾರ್ತೆ ಸಾರಿದ ಹಬ್ಬದ ದಿನ. ನಗರದ ಮಧ್ಯೆ ಹತ್ತು ಅಂತಸ್ತಿನ ಆಶ್ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಕಂಪನಿ ಹೆಂಗಸರು ತೊಡುವ ಮೇಲಂಗಿಗಳನ್ನು ಹೊಲಿಸುತ್ತಿತ್ತು. ಸುಮಾರು 500 ಮಂದಿ ಅಲ್ಲಿ ದುಡಿಯುತ್ತಿದ್ದರು. ಹೆಚ್ಚಿನವರು ಇಟಲಿಯ ಕಥೋಲಿಕ ಮತ್ತು ಪೂರ್ವ ಯೂರೋಪಿನ ಯೆಹೂದಿ ಮನೆಗಳಿಂದ ಬಂದ ಹರೆಯದ ಹೆಣ್ಣುಮಕ್ಕಳು. ಸಂಜೆ ಸುಮಾರು 4 ಗಂಟೆ 40 ನಿಮಿಷ. ಇನ್ನೇನು ಮನೆಗೆ ಹೊರಡುವ ಹೊತ್ತು. ಎಂಟನೆಯ ಅಂತಸ್ತಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗಿದ್ದ ತುಂಡುಬಟ್ಟೆಯ ಪೆಟ್ಟಿಗೆಗೆ ಬೆಂಕಿ ತಗುಲಿತು.

ಹತ್ತನೆಯ ಅಂತಸ್ತಿನ ಕಚೇರಿಗೆ ಟೆಲಿಫೋನ್ ಸುದ್ದಿ ಹೋಯಿತು; ಮಾಲೀಕರು ಛಾವಣಿ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಬದುಕಿದರು. ಒಂಬತ್ತನೆಯ ಅಂತಸ್ತಿಗೆ ಸುದ್ದಿ ಮುಟ್ಟಲಿಲ್ಲ. ಅಲ್ಲಿದ್ದವರಿಗೆ ಬೆಂಕಿಯೇ ಮೊದಲ ಸುದ್ದಿ. ಒಂದು ಬದಿಯ ಮೆಟ್ಟಿಲನ್ನು ಹೊಗೆ, ಜ್ವಾಲೆ ಮುಚ್ಚಿದವು. ಇನ್ನೊಂದು ಬದಿಯ ಬಾಗಿಲಿಗೆ ಓಡಿದರೆ ಅದಕ್ಕೆ ಬೀಗ! ಸಂಜೆ ಹೊರಡುವಾಗ ಎಲ್ಲರೂ ಒಂದೇ ಬಾಗಿಲಿಂದ ಹೋಗಬೇಕು, ಬಟ್ಟೆ ಕದ್ದಿದ್ದಾರೆಯೇ ಎಂದು ಕೈಚೀಲ ತಪಾಸಣೆ ಮಾಡಬೇಕು ಎಂಬ ಕಾರಣಕ್ಕೆ ಆ ಬೀಗ. ಹೊರಗಿನ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಮುರಿದು ಬಿತ್ತು. ಲಿಫ್ಟ್ ನಡೆಸುವ ಇಬ್ಬರು ಬೆಂಕಿಯ ನಡುವೆಯೂ ಮೇಲಿಂದ ಕೆಳಕ್ಕೆ ಹಲವು ಸಲ ಹೋಗಿ ಬಂದು ಬಹಳ ಮಂದಿಯನ್ನು ಉಳಿಸಿದರು. ಅಗ್ನಿಶಾಮಕ ದಳದ ಏಣಿಗಳು ಬಂದವು, ಆದರೆ ಆರನೆಯ ಅಂತಸ್ತಿನ ಎತ್ತರಕ್ಕಿಂತ ಮೇಲೆ ತಲುಪಲಿಲ್ಲ. ಕಿಟಕಿಯಿಂದ ಕೆಳಗೆ ಹಾರಿದವರ ಭಾರಕ್ಕೆ ಹಿಡಿದ ಬಲೆಗಳು ಹರಿದವು. ಸುಮಾರು ಹದಿನೆಂಟು ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಸತ್ತವರು 146. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು.

ಕಟ್ಟಡ ಮಾತ್ರ ಸುಡಲಿಲ್ಲ. ಬೆಂಕಿ ತಡೆಯುವ ಕಟ್ಟಡವೆಂದು ಹೆಸರಾದದ್ದು ಹಾಗೆಯೇ ನಿಂತಿತು! ಒಳಗಿನ ಮನುಷ್ಯರಿಗೆ ಆ ಭಾಗ್ಯವಿರಲಿಲ್ಲ.

ಸಾಂತ್ವನ ಹೇಳಿದರೆ ಸಾಕೇ?

ಸತ್ತವರಲ್ಲಿ ಅನೇಕರು ಆಲ್ ಸ್ಮಿತ್‌ರನ್ನು ಆರಿಸಿ ಕಳಿಸಿದ ಬೀದಿಗಳ ಮಕ್ಕಳು. ಅವರು ಆ ಮನೆಗಳಿಗೆ ಹೋದರು ಎಂದು ಅವರ ಜೊತೆ ಮುಂದೆ ದುಡಿದ ಫ್ರಾನ್ಸಿಸ್ ಪರ್ಕಿನ್ಸ್ ನೆನಪಿಸಿಕೊಂಡಿದ್ದಾರೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಮಗಳನ್ನು ಕಳೆದುಕೊಂಡ ತಂದೆತಾಯಿಗಳ ಪಕ್ಕದಲ್ಲಿ ಕುಳಿತು ಬಂದರು. ಶವಗಳನ್ನು ಗುರುತಿಸಲು ಜನ ಸಾಲುಗಟ್ಟಿದ್ದ ಕಡೆಗೂ ಹೋದರು. ನಮ್ಮಲ್ಲಿ ಯಾರಾದರೂ ಹಾಗೆಯೇ ಮಾಡುತ್ತೇವೆ. ಸತ್ತ ಮನೆಗೆ ಹೋಗುತ್ತೇವೆ, ಜಪಸರ ಹೇಳುತ್ತೇವೆ, ಸಮಾಧಾನದ ಮಾತನಾಡಿ ಬರುತ್ತೇವೆ. ಅದು ಕರುಣೆಯ ಕಾರ್ಯವೇ ಸರಿ. ಆದರೆ ಅಲ್ಲಿಗೇ ನಿಂತರೆ ಸಾಕೇ? ನಾಳೆ ಇನ್ನೊಂದು ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದಿದ್ದರೆ?

ಬಾಗಿಲಿಗೆ ಬೀಗ ಹಾಕಬಾರದು ಎಂಬ ಕಾನೂನು ಆಗಲೇ ಇತ್ತು! ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಬಾರದು, ಸಾಧ್ಯವಾದಲ್ಲೆಲ್ಲ ಬಾಗಿಲು ಹೊರಕ್ಕೆ ತೆರೆಯಬೇಕು ಎಂದು ರಾಜ್ಯದ ಕಾರ್ಮಿಕ ಕಾನೂನು ಹೇಳಿತ್ತು. ಏಳನೆಯ ಅಂತಸ್ತಿನ ಮೇಲಕ್ಕೆ ತಮ್ಮ ಏಣಿ ತಲುಪದು ಎಂದು ನಗರದ ಅಗ್ನಿಶಾಮಕ ದಳದ ಮುಖ್ಯಸ್ಥರು ದುರಂತಕ್ಕೆ ಮೊದಲೇ ಎಚ್ಚರಿಸಿದ್ದರು. 1909ರ ದೊಡ್ಡ ಮುಷ್ಕರದಲ್ಲಿ ಇದೇ ಕಾರ್ಖಾನೆಯ ಹುಡುಗಿಯರು ಚಳಿಯಲ್ಲಿ ಬೀದಿಗಿಳಿದಿದ್ದರು. ಕೊರತೆ ಇದ್ದದ್ದು ನೋಡುವ ಕಣ್ಣಿಗೆ. ಕಟ್ಟಡದ ಹೊಣೆ ನಗರದ ಒಂದು ಇಲಾಖೆಯದು, ಬೆಂಕಿಯ ಹೊಣೆ ಇನ್ನೊಂದರದು, ಕಾರ್ಮಿಕರ ಹೊಣೆ ರಾಜ್ಯ ಸರ್ಕಾರದ್ದು. ಎಲ್ಲರದೂ ಆದ ಕೆಲಸ ಯಾರದೂ ಅಲ್ಲವಾಯಿತು. ಎಲ್ಲೆಲ್ಲಿ ಕಾರ್ಖಾನೆಗಳಿವೆ ಎಂಬ ಪೂರ್ಣ ಪಟ್ಟಿ ಕೂಡ ಸರ್ಕಾರದ ಬಳಿ ಇರಲಿಲ್ಲ.

ಇನ್ನೊಂದು ನೋವಿನ ಸಂಗತಿ. ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕರು ಪರಿಹಾರ ಕೊಡಬೇಕೆಂದು 1910ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತ್ತು. ಮಾಲೀಕನ ತಪ್ಪು ತೋರಿಸದೆ ಅವನ ಹಣ ಕೀಳುವುದು ಸಂವಿಧಾನಕ್ಕೆ ವಿರುದ್ಧ ಎಂದು ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ತೀರ್ಪು ಬಂದದ್ದು 1911ರ ಮಾರ್ಚ್ 24ರಂದು, ಬೆಂಕಿ ಬೀಳುವ ಹಿಂದಿನ ದಿನ! ಟ್ರಯಾಂಗಲ್‌ನ ಇಬ್ಬರು ಮಾಲೀಕರ ಮೇಲೆ ಮೊಕದ್ದಮೆ ನಡೆಯಿತು. ಬಾಗಿಲಿಗೆ ಬೀಗ ಬಿದ್ದಿದ್ದು ಆ ಹೊತ್ತಿನಲ್ಲಿ ಅವರಿಗೆ ತಿಳಿದಿತ್ತು ಎಂದು ಸಿದ್ಧವಾಗಲಿಲ್ಲವೆಂದು ಆ ವರ್ಷದ ಡಿಸೆಂಬರ್‌ನಲ್ಲಿ ಇಬ್ಬರೂ ಬಿಡುಗಡೆಯಾದರು. 1914ರಲ್ಲಿ ದಾವೆ ಹೂಡಿದ್ದ 23 ಕುಟುಂಬಗಳಿಗೆ ದೊರೆತದ್ದು ಒಂದು ಜೀವಕ್ಕೆ 75 ಡಾಲರ್. ಅದಕ್ಕೂ ಒಂದು ವರ್ಷ ಮುಂಚೆ, ಆ ಮಾಲೀಕರಲ್ಲಿ ಒಬ್ಬ ತನ್ನ ಬೇರೊಂದು ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ 20 ಡಾಲರ್.

ಕಣ್ಣಾರೆ ನೋಡುವ ಆಯೋಗ

1911ರ ಜೂನ್ ಕೊನೆಯಲ್ಲಿ ಕಾರ್ಖಾನೆ ತನಿಖಾ ಆಯೋಗ ಹುಟ್ಟಿತು. ಮೇಲ್ಮನೆಯ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷರು, ಆಲ್ ಸ್ಮಿತ್ ಉಪಾಧ್ಯಕ್ಷರು. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್, ದುಡಿಯುವ ಹೆಂಗಸರ ಪರವಾಗಿ ಮೇರಿ ಡ್ರೈಯರ್ ಮುಂತಾಗಿ ಒಟ್ಟು ಒಂಬತ್ತು ಸದಸ್ಯರು. ಫ್ರಾನ್ಸಿಸ್ ಪರ್ಕಿನ್ಸ್ ಆಯೋಗದ ತನಿಖೆಗೆ ನೆರವಾದರು. ಆಂಗ್ಲಿಕನ್ ಸಭೆಯ ಭಕ್ತೆಯಾದ ಆಕೆ ಬೆಂಕಿಯ ದಿನ ಹತ್ತಿರದಲ್ಲೇ ಇದ್ದು, ಓಡಿಬಂದು, ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡಿದ್ದರು.

ಆಯೋಗಗಳು ಸಾಮಾನ್ಯವಾಗಿ ಕುರ್ಚಿಯಲ್ಲಿ ಕುಳಿತು ವರದಿ ಬರೆಯುತ್ತವೆ. ಈ ಆಯೋಗ ಎದ್ದು ಹೊರಟಿತು. ಮೊದಲ ವರ್ಷದಲ್ಲೇ 1,836 ಕಾರ್ಖಾನೆಗಳ ತಪಾಸಣೆ ನಡೆಯಿತು, 222 ಮಂದಿ ಸಾಕ್ಷಿ ನುಡಿದರು. ಪರ್ಕಿನ್ಸ್ ಹಟ ಹಿಡಿದು ಸದಸ್ಯರನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆದೊಯ್ದರು. ಆಬರ್ನ್ ಊರಿನ ಹಗ್ಗದ ಕಾರ್ಖಾನೆಯ ಮುಂದೆ ಬೆಳಗಿನ ಜಾವ ಆಲ್ ಸ್ಮಿತ್‌ರನ್ನು ನಿಲ್ಲಿಸಿದರು. ಹತ್ತು ಗಂಟೆಗಳ ರಾತ್ರಿ ಪಾಳಿ ಮುಗಿಸಿದ ಹೆಂಗಸರು ಬಳಲಿ ಹೊರಬರುವುದನ್ನು ಅವರು ನೋಡಿದರು. ಇನ್ನೊಂದು ಕಡೆ, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳುವ ದಾರಿ ಎಂದು ಮಾಲೀಕ ತೋರಿಸಿದ ಗೋಡೆಯ ಸಣ್ಣ ಕಂಡಿಯಲ್ಲಿ ವ್ಯಾಗ್ನರ್ ಅವರನ್ನೇ ನುಸುಳಿಸಿದರು. ಆಚೆಗೆ ಇದ್ದದ್ದು ಹಿಮ ಮೆತ್ತಿದ ಏಣಿ, ಅದೂ ನೆಲ ಮುಟ್ಟದೆ ನಡುವೆ ನಿಂತಿತ್ತು! ಡಬ್ಬಿಗೆ ತರಕಾರಿ ತುಂಬುವ ಶೆಡ್ಡುಗಳಲ್ಲಿ ಐದು, ಆರು, ಏಳು ವಯಸ್ಸಿನ ಪುಟಾಣಿಗಳು ಅವರೆ, ಬಟಾಣಿ ಬಿಡಿಸುತ್ತಾ ಕೂತಿದ್ದನ್ನು ಕಂಡರು.

ಆಲ್ ಸ್ಮಿತ್‌ರ ಹೃದಯ ತಿರುಗಿದ್ದು ಹೀಗೆ. ಅಂಕಿಅಂಶಗಳಿಂದಲ್ಲ, ಮುಖಗಳಿಂದ. ಆ ಹೆಂಗಸರ ಬಳಲಿದ ಮುಖಗಳಲ್ಲಿ ಕೊಡೆ ಕಾರ್ಖಾನೆಯಿಂದ ಮನೆಗೆ ಮರಳುತ್ತಿದ್ದ ತಾಯಿಯ ಮುಖ ಅವರಿಗೆ ಕಾಣದೆ ಹೋದೀತೇ?

ನೋಡಿದ್ದನ್ನು ಅವರು ಮಸೂದೆಗಳಾಗಿ ಬರೆಸಿದರು, ಮತಗಳನ್ನು ಎಣಿಸಿ ಗೆಲ್ಲಿಸಿದರು. ರಾತ್ರಿಯೆಲ್ಲ ಕುಳಿತು ಓದಿದ ಓದು ಈಗ ಕೆಲಸಕ್ಕೆ ಬಂದಿತು. 1912ರಲ್ಲಿ ಪ್ರತಿ ಕಾರ್ಖಾನೆಯೂ ನೋಂದಣಿಯಾಗಬೇಕೆಂಬ ಕಾನೂನು ಬಂದಿತು. ಬೆಂಕಿಯ ಅಣಕು ಕವಾಯತು, ಬಿಸಿ ತಗುಲಿದೊಡನೆ ಛಾವಣಿಯಿಂದ ನೀರು ಚಿಮ್ಮುವ ಕೊಳವೆಗಳು, ಕಸದ ವಿಲೇವಾರಿ, ಬೀಡಿ ಸಿಗರೇಟಿನ ನಿಷೇಧ, ವಿಷವಸ್ತು ಇರುವ ಕೋಣೆಯಲ್ಲಿ ಊಟ ಮಾಡಬಾರದೆಂಬ ನಿಯಮ, ಹೆರಿಗೆಯಾದ ತಾಯಿಯನ್ನು ನಾಲ್ಕು ವಾರ ಕೆಲಸಕ್ಕೆ ಹಚ್ಚಬಾರದೆಂಬ ನಿಯಮ ಬಂದವು. ಹೆಂಗಸರ ದುಡಿಮೆಗೆ ವಾರಕ್ಕೆ 54 ಗಂಟೆಗಳ ಮಿತಿ ಬಿತ್ತು. 1913ರಲ್ಲಿ ಆಲ್ ಸ್ಮಿತ್ ವಿಧಾನಸಭೆಯ ಸ್ಪೀಕರ್ ಆದರು. ಆ ವರ್ಷ ಕಾನೂನುಗಳ ಸುರಿಮಳೆಯೇ ಆಯಿತು. ಕಾರ್ಮಿಕ ಇಲಾಖೆಯನ್ನು ಹೊಸದಾಗಿ ಕಟ್ಟಲಾಯಿತು, ಇನ್‌ಸ್ಪೆಕ್ಟರುಗಳ ಸಂಖ್ಯೆ ಏರಿತು, ಸುರಕ್ಷತೆಯ ನಿಯಮ ರೂಪಿಸಲು ಒಂದು ಮಂಡಳಿ ನೇಮಕವಾಯಿತು. ಒಟ್ಟು ಮೂವತ್ತಕ್ಕೂ ಹೆಚ್ಚು ಹೊಸ ಕಾನೂನುಗಳು. ನ್ಯಾಯಾಲಯ ಕೆಡವಿದ್ದ ಪರಿಹಾರದ ಕಾನೂನಿಗಾಗಿ ಜನ ಮತ ನೀಡಿ ಸಂವಿಧಾನವನ್ನೇ ತಿದ್ದಿದರು. 1914ರಿಂದ ಅದು ಜಾರಿಗೆ ಬಂದಿತು. ಅಂದಿನಿಂದ ಕೈ ಕಳೆದುಕೊಂಡವನು ಮಾಲೀಕನ ತಪ್ಪು ತೋರಿಸಲು ನ್ಯಾಯಾಲಯದ ಬಾಗಿಲಲ್ಲಿ ವರ್ಷಗಟ್ಟಲೆ ಕೂರಬೇಕಾಗಲಿಲ್ಲ.

ವಾರಕ್ಕೊಂದು ದಿನ ಬಿಡುವು ಕೊಡಬೇಕೆಂಬ ಮಸೂದೆ ಬಂದಾಗ ಡಬ್ಬಿ ಕಾರ್ಖಾನೆಗಳವರು ತಮಗೆ ವಿನಾಯಿತಿ ಬೇಕೆಂದರು. ಆಗ ಆಲ್ ಸ್ಮಿತ್ ಎದ್ದು ನಿಂತು, ಕರ್ತರ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ದೇವರ ಕಟ್ಟಳೆಯಲ್ಲಿ ಡಬ್ಬಿ ಕಾರ್ಖಾನೆಗಳನ್ನು ಹೊರತುಪಡಿಸಿದ್ದು ತಮಗೆಲ್ಲೂ ಕಾಣಲಿಲ್ಲ ಎಂಬರ್ಥದ ಮಾತನ್ನಾಡಿ ಕುಳಿತರಂತೆ. ಜ್ಞಾನೋಪದೇಶದ ತರಗತಿಯಲ್ಲಿ ಕಲಿತದ್ದು ಶಾಸನಸಭೆಯಲ್ಲಿ ಹೀಗೆ ಫಲ ಕೊಟ್ಟಿತು. ಇಪ್ಪತ್ತು ವರ್ಷಗಳ ಹಿಂದೆ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿ ಕುರಿತ ತಮ್ಮ ವಿಶ್ವಪತ್ರದಲ್ಲಿ ಇವನ್ನೇ ಬೋಧಿಸಿದ್ದರು: ದೇಹದ ಶಕ್ತಿ ಮೀರಿ ದುಡಿಸಬಾರದು, ಭಾನುವಾರದ ಬಿಡುವು ಕಸಿಯಬಾರದು, ಬಲಿಯದ ಮಕ್ಕಳನ್ನು ಕಾರ್ಖಾನೆಗೆ ನೂಕಬಾರದು.

ಗೆಲುವು, ಸೋಲು, ಮುಸ್ಸಂಜೆ

1918ರಲ್ಲಿ ಅವರು ಗವರ್ನರ್ ಆಗಿ ಆರಿಸಿ ಬಂದರು. ನಮ್ಮ ಮುಖ್ಯಮಂತ್ರಿಗೆ ಸಮಾನವಾದ ಹುದ್ದೆ. ಮರುವರ್ಷ ಫ್ರಾನ್ಸಿಸ್ ಪರ್ಕಿನ್ಸ್ ಅವರನ್ನು ರಾಜ್ಯದ ಕೈಗಾರಿಕಾ ಆಯೋಗಕ್ಕೆ ನೇಮಿಸಿದರು. ಹೆಣ್ಣೊಬ್ಬಳಿಗೆ ಅಂಥ ಸ್ಥಾನವೇ ಎಂದು ಗೊಣಗಿದವರಿದ್ದರು. 1933ರಲ್ಲಿ ಆಕೆಯೇ ಇಡೀ ದೇಶದ ಕಾರ್ಮಿಕ ಮಂತ್ರಿಯಾದರು, ಅಮೆರಿಕದ ಮೊದಲ ಮಹಿಳಾ ಮಂತ್ರಿ. ಮೀನುಮಾರುಕಟ್ಟೆಯ ಹುಡುಗ ತೆರೆದ ಬಾಗಿಲುಗಳಲ್ಲಿ ಇದೂ ಒಂದು.

1928ರಲ್ಲಿ ಆಲ್ ಸ್ಮಿತ್ ಅಧ್ಯಕ್ಷ ಪದವಿಗೆ ನಿಂತರು. ಕಥೋಲಿಕನು ಗೆದ್ದರೆ ದೇಶ ರೋಮಿನ ಕೈಗೆ ಹೋಗುತ್ತದೆ ಎಂಬ ಅಪಪ್ರಚಾರ ನಡೆಯಿತು. ಅವರ ಪ್ರಚಾರದ ರೈಲು ಹಾದುಹೋಗುವ ಕಡೆ ಹಗೆ ತುಂಬಿದ ಜನ ಶಿಲುಬೆಗಳನ್ನು ಸುಟ್ಟರು. ಅವರು ಹೀನಾಯವಾಗಿ ಸೋತರು. ಸ್ವಂತ ರಾಜ್ಯವೂ ಕೈಬಿಟ್ಟಿತು. ಆದರೂ ವಿಶ್ವಾಸವನ್ನು ಮರೆಮಾಡಿ ಮತ ಗಳಿಸಲು ಅವರು ಹೋಗಲಿಲ್ಲ.

ಆಮೇಲೆ ಅವರು ಎಂಪೈರ್ ಸ್ಟೇಟ್ ಕಟ್ಟಡ ಕಟ್ಟಿಸಿದ ಕಂಪನಿಯ ಅಧ್ಯಕ್ಷರಾದರು. 102 ಅಂತಸ್ತುಗಳ ಆ ಕಟ್ಟಡ 1930ರ ಮಾರ್ಚ್‌ನಲ್ಲಿ ಏಳಲು ತೊಡಗಿ 1931ರ ಮೇ 1ರಂದು ಉದ್ಘಾಟನೆಯಾಯಿತು. ಅದನ್ನು ಕಟ್ಟುವಾಗಲೂ, ಅಧಿಕೃತ ಲೆಕ್ಕದಂತೆ, ಐವರು ಕೆಲಸಗಾರರು ಸತ್ತರು. ಸುರಕ್ಷತೆಯ ಕಾನೂನು ತಂದವರ ಕಟ್ಟಡದಲ್ಲೇ! ಇದನ್ನು ಹೇಳುವುದು ಅವರನ್ನು ಹಳಿಯಲಿಕ್ಕಲ್ಲ. ಎಚ್ಚರ ಎನ್ನುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದನ್ನು ನೆನಪಿಸಲಿಕ್ಕೆ. ಇಳಿವಯಸ್ಸಿನಲ್ಲಿ ಅವರು ಹಳೆಯ ಗೆಳೆಯ ರೂಸ್‌ವೆಲ್ಟ್ ಅವರ ಬಡವರ ಪರ ಯೋಜನೆಗಳನ್ನೇ ವಿರೋಧಿಸಿ, ಶ್ರೀಮಂತರ ಗುಂಪಿನ ಜೊತೆ ನಿಂತರು. ಅನೇಕ ಹಿಂಬಾಲಕರಿಗೆ ಇದರಿಂದ ನೋವಾಯಿತು. ಅವರನ್ನು ಸಂತರೆಂದು ಯಾರೂ ಘೋಷಿಸಿಲ್ಲ. ಅವರು ನಮ್ಮಂತೆಯೇ ತಪ್ಪುವ ಮನುಷ್ಯ. ಆದರೆ ದೇವರು ಕರೆದ ಗಳಿಗೆಯಲ್ಲಿ ಕಣ್ಣು ಮುಚ್ಚಿಕೊಳ್ಳದ ಮನುಷ್ಯ.

1944ರ ಮೇ ತಿಂಗಳಲ್ಲಿ ಪತ್ನಿ ಕೇಟಿ ತೀರಿಕೊಂಡರು. ಐದೇ ತಿಂಗಳಲ್ಲಿ, ಅಕ್ಟೋಬರ್ 4ರಂದು, ಬಡವರ ಬಂಧು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ ಆಲ್ ಸ್ಮಿತ್ ಕಣ್ಣು ಮುಚ್ಚಿದರು. ಸಂತ ಪ್ಯಾಟ್ರಿಕ್‌ರ ಪ್ರಧಾನಾಲಯದಲ್ಲಿ ಅವರ ಶರೀರಕ್ಕೆ ಸಾವಿರಾರು ಜನ ಅಂತಿಮ ನಮನ ಸಲ್ಲಿಸಿದರು. ಆಶ್ ಕಟ್ಟಡ ಇಂದಿಗೂ ಇದೆ. ಈಗ ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಗ. ಸತ್ತ 146 ಮಂದಿಯ ಹೆಸರುಗಳನ್ನು ಹೊತ್ತ ಸ್ಮಾರಕ ಅಲ್ಲಿ 2023ರಲ್ಲಿ ಅನಾವರಣಗೊಂಡಿತು.

ನಮ್ಮ ಮನೆಗೂ ಒಂದು ಮಾತು

ಪ್ರಿಯ ವಾಚಕರೇ, ನ್ಯೂಯಾರ್ಕ್ ದೂರದ ಊರು. ಆದರೆ ಹೊಲಿಗೆ ಯಂತ್ರದ ಮುಂದೆ ಕುಳಿತ ಹುಡುಗಿ ದೂರದವಳಲ್ಲ. ನಮ್ಮ ಧರ್ಮಕೇಂದ್ರಗಳಿಂದಲೂ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಗಂಡುಮಕ್ಕಳು ಎತ್ತರದ ಸಾರುವೆಗಳ ಮೇಲೆ ನಿಂತು ಗೋಡೆ ಕಟ್ಟುತ್ತಾರೆ. ಸಂಜೆ ಅವರು ಮನೆಗೆ ಬಂದಾಗ ಸಂಬಳ ಎಷ್ಟು ಎಂದು ಕೇಳುವ ನಾವು, ಅಲ್ಲಿ ಎರಡನೆಯ ಬಾಗಿಲು ತೆರೆದಿರುತ್ತದೆಯೇ, ಮೆಟ್ಟಿಲಲ್ಲಿ ಬಟ್ಟೆಯ ಮೂಟೆ ಪೇರಿಸಿದ್ದಾರೆಯೇ, ಸೊಂಟಕ್ಕೆ ಹಗ್ಗ ಕೊಡುತ್ತಾರೆಯೇ ಎಂದು ಎಂದಾದರೂ ಕೇಳಿದ್ದೇವೆಯೇ? ನಾವೇ ಮಾಲೀಕರಾಗಿದ್ದರೆ, ನಮ್ಮ ಅಂಗಡಿ, ಗೋದಾಮು, ಅಡುಗೆಮನೆಯ ಹಿಂಬಾಗಿಲಿಗೆ ಕಳ್ಳತನದ ಭಯದಿಂದ ಬೀಗ ಜಡಿದಿದ್ದೇವೆಯೇ? ಸರ್ಕಾರಿ ಕೆಲಸದಲ್ಲಿರುವ ನಮ್ಮ ಮಕ್ಕಳು ತಪಾಸಣೆಯ ಕಾಗದಕ್ಕೆ ನೋಡದೆಯೇ ಸಹಿ ಹಾಕುತ್ತಿಲ್ಲ ತಾನೇ?

ನೋಡದೆ ಹಾಕಿದ ಒಂದು ಸಹಿಯೂ ಒಂದು ಬೀಗವೇ. ಹೋಗಿ ಕಣ್ಣಾರೆ ನೋಡುವುದೂ ಒಂದು ಪ್ರಾರ್ಥನೆಯೇ. ನಜರೇತಿನ ಮರಗೆಲಸದ ಮನೆಯಲ್ಲಿ ಯೇಸುಬಾಲರ ಕೈಗೆ ಉಳಿ ತಗುಲದಂತೆ ಕಾಯ್ದ ಸಂತ ಜೋಸೆಫರು, ಇಂದು ಕೆಲಸಕ್ಕೆ ಹೊರಟ ನಮ್ಮ ಮಕ್ಕಳನ್ನೂ ಕಾಯಲಿ. ಸಂಜೆ ಎಲ್ಲರೂ ಮನೆ ಸೇರುವಂತಾಗಲಿ.